ವಾರ್ಡಲ್ಲಿ ಬಿಪಿ ಕಡಿಮೆ ಬರುತ್ತಿದ್ದರೆ
ಕಾಲೇಜಿನ ಲ್ಯಾಬಲ್ಲಿ ಕ್ಲಾಸ್‌ಮೇಟ್‌ಗಳ ಮೇಲೆ ಅಭ್ಯಾಸ ಮಾಡುವಾಗ ಸರಿ ಬರುವ ಬಿಪಿ ವಾರ್ಡಲ್ಲಿ ಮಾತ್ರ ಸಿಸ್ಟರ್ ನೋಡಿದ್ದಕ್ಕಿಂತ 20–30 ಮಿಮೀ ಕಡಿಮೆ ಬರುತ್ತಿದೆ ಅಂದಿರಲ್ಲ, ಬಹುಶಃ ನೀವು ತೋಳಿಗೆ ಸುತ್ತುವ ಕಫ್‌ಗೆ ಸಾಕಷ್ಟು ಗಾಳಿ ತುಂಬುತ್ತಿಲ್ಲ. ಕೆಲವರಲ್ಲಿ, ಅದರಲ್ಲೂ ಬಿಪಿ ಇರುವ ವಯಸ್ಸಾದವರಲ್ಲಿ, ಗಾಳಿ ಇಳಿಸುವಾಗ ಸ್ಟೆತಸ್ಕೋಪಲ್ಲಿ ಮೇಲಿನ ಬಿಪಿ ತೋರಿಸುವ ಮೊದಲ ಸದ್ದು ಕೇಳಿಸಿ, ನಡುವೆ ಮಾಯವಾಗಿ, ಇನ್ನೂ ಕೆಳಗಿನ ಅಂಕಿಯಲ್ಲಿ ಮತ್ತೆ ಶುರುವಾಗುತ್ತದೆ. ಆ ಮೌನದ ಜಾಗಕ್ಕೇ ಪಂಪ್ ನಿಲ್ಲಿಸಿದರೆ ಎರಡನೇ ಸದ್ದನ್ನೇ ಮೊದಲನೆಯದು ಅಂದುಕೊಳ್ಳುತ್ತೀರಿ. ಕ್ಲಾಸ್‌ಮೇಟ್‌ಗಳ ತೋಳಲ್ಲಿ ಇದು ಸಿಗುವುದೇ ಅಪರೂಪ, ಅಲ್ವಾ? ನಾನೂ ಹೀಗೇ ಬೈಸಿಕೊಂಡಿದ್ದೆ.

ಮೊದಲು ಸ್ಟೆತ್ ಪಕ್ಕಕ್ಕಿಡಿ. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ, ನಾಡಿ ನಿಂತ ಅಂಕಿ ನೆನಪಿಡಿ. ಗಾಳಿ ಪೂರ್ತಿ ಬಿಟ್ಟು ಒಂದು ನಿಮಿಷ ಕಾಯಿರಿ. ಆಮೇಲೆ ಸ್ಟೆತ್ ಇಟ್ಟು, ಆ ಅಂಕಿಗಿಂತ 30 ಮೇಲಕ್ಕೆ ತುಂಬಿ, ಸೆಕೆಂಡಿಗೆ 2–3 ಮಿಮೀ ಮಾತ್ರ ಇಳಿಸಿ. ಗಡಿಬಿಡಿಯಲ್ಲಿ ಸುಮ್ನೆ ವಾಲ್ವ್ ತಿರುಗಿಸಿಬಿಟ್ಟರೆ ಮೇಲಿನ ಅಂಕಿ ಕಡಿಮೆ, ಕೆಳಗಿನದು ಜಾಸ್ತಿ ಬರುತ್ತದೆ.

ನೀವು ನೋಡುವುದನ್ನು ಕಣ್ಣಾರೆ ಕಾಣದೆ ಇದೇ ಕಾರಣ ಅಂತ ಖಡಾಖಂಡಿತ ಹೇಳಲಾರೆ. ಹೀಗೆ ಮಾಡಿದರೂ ವ್ಯತ್ಯಾಸ ಉಳಿದರೆ ತೋಳು ಎದೆಮಟ್ಟಕ್ಕಿಂತ ಮೇಲಿದೆಯಾ, ಕಫ್ ತೀರಾ ದೊಡ್ಡದಾಯಿತಾ ನೋಡಿ. ಎರಡರಿಂದಲೂ ಬಿಪಿ ಕಡಿಮೆ ತೋರಿಸುತ್ತದೆ. ಇಬ್ಬರೂ ಒಟ್ಟಿಗೆ ಕೇಳುವ ಟೀಚಿಂಗ್ ಸ್ಟೆತ್ ಇದ್ದರೆ, ಸಿಸ್ಟರ್ ಜೊತೆ ಒಂದೇ ತೋಳಲ್ಲಿ ಒಮ್ಮೆ ಕೇಳಿಬಿಡಿ.