ಆಪ್ತಸಲಹೆ ಪ್ರಕರಣ: ಗೊರಕೆಯಿಂದ ಬೇರೆ ಬೇರೆ ರೂಮಾದ ಗಂಡ ಹೆಂಡತಿ

(ಗುರುತು ಸಿಗಬಾರ್ದು ಅಂತ ವಿವರಗಳನ್ನ ಬದಲಾಯಿಸಿದೀನಿ.)

ಗಂಡನಿಗೆ ನಲವತ್ತೈದು ದಾಟಿದೆ, ದಿನಸಿ ಅಂಗಡಿ ಇದೆ, ತೂಕ 104 ಕೆಜಿ. ಹೆಂಡತಿ ಮಗಳ ರೂಮಲ್ಲಿ ಮಲಗೋಕೆ ಶುರು ಮಾಡಿ ತುಂಬಾ ದಿನ ಆಗಿದೆ, ಮನೇಲಿ ಮಾತು ಕಮ್ಮಿ ಸಿಡಿಮಿಡಿ ಜಾಸ್ತಿ, ಹಾಗಾಗಿ ದಾಂಪತ್ಯದ ಸಮಸ್ಯೆ ಅಂತಾನೇ ನನ್ನ ಹತ್ರ ಬಂದ್ರು. "ಗಲ್ಲಾದಲ್ಲಿ ಕೂತೇ ತೂಕಡಿಸ್ತಾರೆ ಮೇಡಂ, ಗಾಡಿ ಓಡಿಸ್ತಾನೂ ಕಣ್ಣು ಮುಚ್ಚತ್ತೆ, ತಿಂದು ತಿಂದು ಸೋಮಾರಿ ಆಗಿಬಿಟ್ಟಿದಾರೆ" ಅಂದ್ರು ಆಯಮ್ಮ. ಗಂಡ ತಲೆ ಎತ್ತಲಿಲ್ಲ.

ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದನ್ನ ಕೇಳಿಸಿದ್ರು. ಜೋರು ಗೊರಕೆ, ಇದ್ದಕ್ಕಿದ್ದಂಗೆ ಏನೂ ಸದ್ದಿಲ್ಲ, ಫ್ಯಾನ್ ಶಬ್ದ ಒಂದೇ, ಆಮೇಲೆ ನೀರಲ್ಲಿ ಮುಳುಗಿ ಎದ್ದೋರ ಥರ ಏದುಸಿರು. "ಮೊದಮೊದಲು ಮೂಗಿನ ಹತ್ರ ಕೈ ಇಟ್ಟು ನೋಡ್ತಿದ್ದೆ" ಅಂದಾಗ ಆಯಮ್ಮನ ದನಿ ನಡುಗ್ತು. ಇಎನ್‌ಟಿ ಡಾಕ್ಟರ್ ಹತ್ರ ಕಳಿಸಿದೆ, ಸ್ಲೀಪ್ ಸ್ಟಡಿ, ಅಂದ್ರೆ ಮಲಗಿದಾಗ ಉಸಿರಾಟ ಅಳೆಯೋ ಪರೀಕ್ಷೆ ಆಯ್ತು, ಗಂಟೆಗೆ 41 ಸಲ ಉಸಿರು ನಿಲ್ತಿದೆ ಇಲ್ಲಾ ಅರ್ಧಂಬರ್ಧ ಆಗ್ತಿದೆ. 30 ದಾಟಿದ್ರೇ ತೀವ್ರ ಅಂತ ಲೆಕ್ಕ.

ಇಬ್ಬರನ್ನೂ ಕೂರಿಸಿ ಹೇಳಿದೆ. ಶ್ವಾಸನಾಳಕ್ಕಿರೋ ಗಟ್ಟಿ ಬಳೆಗಳು ನಾಲಿಗೆ ಹಿಂದಿನ ಗಂಟಲಿಗಿಲ್ಲ, ಸ್ನಾಯುಗಳೇ ಅದನ್ನ ತೆರೆದಿಡಬೇಕು, ನಿದ್ದೇಲಿ ಅವು ಸಡಿಲ ಆಗತ್ವೆ. ಬೊಜ್ಜು ಗಂಟಲ ಅಕ್ಕಪಕ್ಕ, ನಾಲಿಗೆ ಒಳಗೂ ಸೇರಿ ದಾರಿ ಕಿರಿದು ಮಾಡತ್ತೆ. ಹೊಟ್ಟೆ ಬೊಜ್ಜು ವಪೆನ (ಎದೆಗೂ ಹೊಟ್ಟೆಗೂ ನಡುವೆ ಇರೋ ಸ್ನಾಯುವಿನ ಪರದೆ) ಮೇಲಕ್ಕೆ ತಳ್ಳತ್ತೆ, ಶ್ವಾಸಕೋಶಕ್ಕೆ ಜಾಗ ಕಮ್ಮಿಯಾಗತ್ತೆ, ಗಂಟಲನ್ನ ಕೆಳಗಿಂದ ಎಳೆದು ಬಿಗಿಯಾಗಿಡೋ ಸೆಳೆತವೂ ಹೋಗತ್ತೆ, ಅಂಗಾತ ಮಲಗಿದ್ರಂತೂ ಇನ್ನೂ ಕಷ್ಟ.

ಆಗ ಅವರು ಮೊದಲ ಸಲ ಬಾಯಿ ಬಿಟ್ಟು "ನಮ್ಮಪ್ಪ ಸಣಕಲು, ಅವರೂ ಹೀಗೇ ಗೊರಕೆ ಹೊಡೀತಿದ್ರಲ್ಲ?" ಅಂದ್ರು. ಒಳ್ಳೇ ಪ್ರಶ್ನೆ. ಕೆಳದವಡೆ ಚಿಕ್ಕದಾಗಿ ಹಿಂದಕ್ಕಿದ್ರೆ ನಾಲಿಗೆಗೆ ಜಾಗ ಸಾಲಲ್ಲ, ಇವರ ರಿಪೋರ್ಟಲ್ಲೂ ಡಾಕ್ಟರ್ ಅದನ್ನೇ ಬರೆದಿದ್ರು. ಅಂಥೋರಿಗೆ ಸ್ವಲ್ಪ ತೂಕ ಏರಿದ್ರೂ ತೊಂದ್ರೆ. ನಿದ್ದೆ ಕೆಟ್ರೆ ಹಸಿವು ಜಾಸ್ತಿ, ನಡೆಯೋಕೆ ತ್ರಾಣ ಇರಲ್ಲ, ತೂಕ ಮತ್ತೆ ಏರತ್ತೆ. ಸೋಮಾರಿ ಅನ್ನೋ ಮಾತು ಬಿಟ್ಟುಬಿಡಿ, ಊಟಕ್ಕೆ ಕೂತಾಗ ತುತ್ತು ಎಣಿಸಬೇಡಿ ಅಂತ ಆಯಮ್ಮನಿಗೆ ಖಂಡಿತವಾಗಿ ಹೇಳಿದೆ.

ಗಂಡನಿಗೆ ಹೇಳಿದ್ದು: ಡಾಕ್ಟರ್ ಬರೆದ ಸಿಪ್ಯಾಪ್ ಮಷೀನ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ಇಡೋದು) ಇವತ್ತಿಂದಾನೇ ಹಾಕ್ಕೊಳ್ಳಿ, ತೂಕ ಇಳಿಲಿ ಆಮೇಲೆ ನೋಡೋಣ ಅನ್ನಬೇಡಿ. ಪಕ್ಕಕ್ಕೆ ತಿರುಗಿ ಮಲಗಿ, ರಾತ್ರಿ ಕುಡಿಯೋದು ಬೇಡ, ಡಾಕ್ಟರನ್ನ ಕೇಳದೆ ನಿದ್ದೆ ಮಾತ್ರೆ ಬೇಡ, ತೂಕಡಿಕೆ ನಿಲ್ಲೋವರೆಗೂ ಗಾಡಿ ಮುಟ್ಟಬೇಡಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ಜನರನ್ನ ಗಮನಿಸಿ 2000ದಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ ತೂಕ 10% ಇಳಿದ್ರೆ ಉಸಿರು ನಿಲ್ಲೋದು ಸುಮಾರು 26% ಕಮ್ಮಿಯಾಗತ್ತೆ ಅಂತ ಕಂಡಿತ್ತು, ಇವರಿಗೆ ಅದು ಹತ್ತು ಕೆಜಿ ಚಿಲ್ಲರೆ.

ಮಾಸ್ಕ್ ಅಳತೆ ಸರಿ ಇಲ್ದೆ ನಡುರಾತ್ರಿ ಕಿತ್ತು ಹಾಕ್ತಿದ್ರಂತೆ, ಬೇರೆ ಹಾಕಿಸ್ಕೊಂಡು ಬಂದ್ರು. ತೂಕ ಇಳಿದ್ಮೇಲೆ ಮಷೀನ್ ಬಿಡಬಹುದಾ ಅಂತ ಈಗ ಕೇಳ್ತಿದಾರೆ. ಇನ್ನೊಂದು ಸ್ಲೀಪ್ ಸ್ಟಡಿ ಮಾಡಿಸದೆ ಬಿಡೋ ಹಾಗಿಲ್ಲ ಅಂದೆ, ಬೊಜ್ಜು ಕರಗಿದ್ರೂ ದವಡೆ ಹಂಗೇ ಇರತ್ತಲ್ಲ.