ಹಾಜರಿ ಪುಸ್ತಕದಲ್ಲಿ ಹೆಸರಿದೆ, ಹುಡುಗಿ ಇಲ್ಲ

ಓದುಗರ ಪತ್ರ: ‘ಕರ್ನಾಟಕದಲ್ಲಿ ಬಡತನ ಶೇ 7.58ಕ್ಕೆ ಇಳಿದಿದೆ ಎಂದು ಕಳೆದ ಸಂಚಿಕೆಯಲ್ಲಿ, ಮಕ್ಕಳ ಮೇಲಿನ ಲೇಖನದಲ್ಲಿ ಬರೆದಿದ್ದೀರಿ. ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿಗೆ ಪಾಠ ಮಾಡುತ್ತೇನೆ. ಸೋಮವಾರದ ಬಿಸಿಯೂಟಕ್ಕೆ ನಮ್ಮ ಮಕ್ಕಳು ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ಭಾನುವಾರ ಮನೆಯಲ್ಲಿ ಏನು ತಿಂದ್ರಿ ಅಂತ ಕೇಳಲು ನನಗೆ ಬಾಯಿ ಬರುವುದಿಲ್ಲ. ಈ ಮಕ್ಕಳು ನಿಮ್ಮ 7.58ರ ಒಳಗೋ, ಹೊರಗೋ? ಸುಮ್ನೆ ರೇಷನ್ ಕಾರ್ಡ್ ನೋಡಿ ಎಣಿಸಬಾರದಾ?’
– ಒಬ್ಬ ಶಿಕ್ಷಕಿ

ಸಂಪಾದಕರ ಉತ್ತರ: ಮೇಡಂ, ತಪ್ಪು ನಮ್ಮದೇ. ಆ ಸಂಖ್ಯೆ ನೀತಿ ಆಯೋಗದ 2023ರ ವರದಿಯದು. ಅದು ರಾಜ್ಯದ ಎಲ್ಲ ವಯಸ್ಸಿನವರ ಲೆಕ್ಕ. ಅದನ್ನು ಮಕ್ಕಳ ಲೇಖನಕ್ಕೆ ಹಾಗೇ ಎತ್ತಿ ಹಾಕಬಾರದಿತ್ತು. ಬಡವರ ಮನೆಯಲ್ಲಿ ಮಕ್ಕಳು ಜಾಸ್ತಿ ಇರುವುದು ನಿಮಗೆ ಗೊತ್ತೇ ಇದೆ. ವಿಶ್ವಸಂಸ್ಥೆಯ 2024ರ ವರದಿಯಲ್ಲೂ ಜಗತ್ತಿನ 110 ಕೋಟಿ ಬಡವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು 18 ವರ್ಷದೊಳಗಿನವರು.

ಒಳಗೋ ಹೊರಗೋ ಅಂತ ಕೇಳಿದ್ದೀರಿ. ಲೆಕ್ಕ ಹಾಕುವ ಬಗೆ ಹೀಗಿದೆ. ಮನೆಗೆ 12 ಪ್ರಶ್ನೆ, ಕೊರತೆಗೆ ಒಟ್ಟು 100 ಅಂಕ. ಆರೋಗ್ಯಕ್ಕೆ ಮೂರನೇ ಒಂದು ಭಾಗ, ಓದಿಗೆ ಒಂದು ಭಾಗ, ಬದುಕಿನ ಅನುಕೂಲಗಳಿಗೆ ಒಂದು ಭಾಗ. ಕೊರತೆಗಳೆಲ್ಲ ಕೂಡಿ 100ಕ್ಕೆ 33 ದಾಟಿದರೆ ಆ ಮನೆಯವರೆಲ್ಲ ಬಡವರು.

ನಿಮ್ಮ ತರಗತಿಯ ಒಬ್ಬ ಹುಡುಗಿಯ ಮನೆ ಅಂತಲೇ ಇಟ್ಟುಕೊಳ್ಳಿ. ಸೌದೆ ಒಲೆ. ಮಣ್ಣಿನ ನೆಲ. ಶೌಚಾಲಯ ಇಲ್ಲ. ನೀರು ತಂದು ಬರಲು ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಈ ನಾಲ್ಕೂ ಸೇರಿದರೆ ಬರುವುದು 19 ಅಂಕ. ಅಣ್ಣ ಆರನೇ ತರಗತಿ ಮುಗಿಸಿದ್ದರೆ ಓದಿನ ವರ್ಷಗಳ ಪ್ರಶ್ನೆಯಲ್ಲಿ ಇಡೀ ಮನೆ ಪಾಸು. ಉಳಿದದ್ದರಲ್ಲಿ ತೊಂದರೆ ಇಲ್ಲ ಅಂದುಕೊಂಡರೆ ಈ ಮನೆ ಬಡವರದ್ದಲ್ಲ. ಹುಡುಗಿ ಶಾಲೆ ಬಿಟ್ಟಳು ಎಂದಾದರೆ ಮಾತ್ರ ಇನ್ನೂ ಸುಮಾರು 17 ಸೇರಿ 36ರ ಹತ್ತಿರ ಬಂತು. ಈಗ ಮನೆಯವರೆಲ್ಲ ಬಡವರು.

ಅಂದರೆ ಒಂದು ಮಗುವಿನ ಶಾಲೆ ಇಡೀ ಮನೆಯ ಲೆಕ್ಕವನ್ನು ಆಚೀಚೆ ಮಾಡುತ್ತದೆ. ಅಂಥ ಪ್ರಶ್ನೆಯನ್ನು ಕೇಳುವುದು ಹೇಗೆ ಗೊತ್ತಾ? ‘ಈ ಶೈಕ್ಷಣಿಕ ವರ್ಷದಲ್ಲಿ ಯಾವಾಗಲಾದರೂ ಶಾಲೆಗೆ ಹೋಗಿದ್ದಾಳಾ?’ ಜೂನ್‌ನಲ್ಲಿ ನಾಲ್ಕು ದಿನ ಬಂದು ಕೂತಿದ್ದರೂ ಉತ್ತರ ಹೌದು.

ನಿಮ್ಮ ಕಡೆಯ ಒಂದು ಶಾಲೆಯಲ್ಲಿ ನಾನು ಹಾಜರಿ ಪುಸ್ತಕ ನೋಡಿದ್ದೇನೆ. ದೀಪಾವಳಿವರೆಗೆ ಸಾಲು ತುಂಬಿತ್ತು. ಆಮೇಲೆ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ‘ಗುಳೆ’, ‘ಗುಳೆ’, ಮತ್ತೆ ‘ಗುಳೆ’. ಪೆನ್ನಲ್ಲಿ ಯಾಕೆ ಬರೆದಿಲ್ಲ ಎಂದು ಕೇಳಿದೆ. ‘ಯುಗಾದಿಗೆ ಬರ್ತಾರಲ್ಲ ಸರ್, ಆಗ ಅಳಿಸ್ತೀನಿ’ ಅಂದರು ಅಲ್ಲಿನ ಮೇಷ್ಟ್ರು. ಆ ಪೆನ್ಸಿಲ್ ಗುರುತು ಯಾವ ಸಮೀಕ್ಷೆಗೂ ಸಿಗುವುದಿಲ್ಲ. ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ಹೋದಾಗ ಮನೆಗೆ ಬೀಗ. ಬೀಗ ಹಾಕಿದ ಮನೆಯಲ್ಲಿ ಉತ್ತರ ಕೊಡುವವರು ಯಾರು?

ಇನ್ನೊಂದು ಮಾತನ್ನೂ ನಾವು ಬರೆಯಬೇಕಿತ್ತು. ಆ ವರದಿಗೆ ಆಧಾರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಮೇಲೆ 2019–21 ಅಂತ ಇದೆ. ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು 2019ರ ಜುಲೈನಿಂದ ಡಿಸೆಂಬರ್‌ವರೆಗೆ. ಕೊರೊನಾ ಇನ್ನೂ ಬಂದಿರಲಿಲ್ಲ. ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದು, ಜನ ನಡೆದುಕೊಂಡೇ ಊರಿಗೆ ವಾಪಸಾದದ್ದು ಇವು ಯಾವುವೂ 7.58ರಲ್ಲಿ ಇಲ್ಲ.

ರೇಷನ್ ಕಾರ್ಡ್ ನೋಡಿದರೂ ಇದು ಬಗೆಹರಿಯುವುದಿಲ್ಲ. ಅದು ಮನೆಯ ವಾರ್ಷಿಕ ಆದಾಯ 1.20 ಲಕ್ಷದೊಳಗಿದೆಯಾ ಅಂತ ನೋಡುತ್ತದೆ, ಮಗುವನ್ನು ನೋಡುವುದಿಲ್ಲ.

ಹಾಗಂತ ಆಯೋಗದ ಲೆಕ್ಕವನ್ನು ನಾನು ತಳ್ಳಿಹಾಕುತ್ತಿಲ್ಲ. ಹಿಂದೆ ಬಡತನ ಅಂದರೆ ತಿಂಗಳ ಖರ್ಚಷ್ಟೇ ಆಗಿತ್ತು. ಆ ಖರ್ಚಿನ ಮೇಲೆ ತೆಂಡೂಲ್ಕರ್ ಸಮಿತಿ ಹಾಕಿದ ಬಡತನದ ಗೆರೆಯ ಪ್ರಕಾರ 2011–12ರಲ್ಲಿ ರಾಜ್ಯದ ಶೇ 20.9 ಜನ ಬಡವರು. ಒಲೆ, ನೀರು, ಶಾಲೆ ಲೆಕ್ಕಕ್ಕೆ ಬಂದದ್ದು ದೊಡ್ಡ ವಿಷಯವೇ. ಆದರೆ ಮನೆಯನ್ನು ಎಣಿಸಿದ ಮೇಲೆ ಮಗುವನ್ನೂ ಎಣಿಸಬೇಕಲ್ವಾ? ಅವಳು ಹೋದ ತಿಂಗಳು ಎಷ್ಟು ದಿನ ಶಾಲೆಯಲ್ಲಿದ್ದಳು, ರಜೆಯಲ್ಲಿ ಎಷ್ಟು ಹೊತ್ತು ಉಂಡಳು, ಗುಳೆ ಹೋದಲ್ಲಿ ಶಾಲೆ ಸಿಕ್ಕಿತಾ? ಇವನ್ನು ಕೇಳದೆ ಮಕ್ಕಳ ಬಡತನ ಗೊತ್ತಾಗುವುದಿಲ್ಲ.

ಒಂದು ಸಹಾಯ ಮಾಡಿ. ನಿಮ್ಮ ತರಗತಿಯ ಜುಲೈ, ನವೆಂಬರ್, ಫೆಬ್ರುವರಿ ತಿಂಗಳ ಹಾಜರಾತಿ ಕಳಿಸಿ. ಮಕ್ಕಳ ಹೆಸರು ಬೇಡ, ಎಣಿಕೆ ಸಾಕು. ಪೆನ್ಸಿಲ್‌ನಲ್ಲಿ ಬರೆದದ್ದನ್ನೂ ಸೇರಿಸಿ. 7.58 ಅಚ್ಚಾದ ಪುಟದಲ್ಲೇ ಅದನ್ನೂ ಹಾಕುತ್ತೇವೆ.