ಸೈಕಲ್ ಹಿಂದೊಂದು ಪುಟ್ಟ ಬಂಡಿ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ಐದು ವರ್ಷ, 17 ಕಿಲೋ. ಚಿಕ್ಕವನಿಗೆ ಎರಡು, 12 ಕಿಲೋ. ಇಬ್ಬರನ್ನೂ ಶಾಲೆಗೆ ಬಿಟ್ಟು, ಸಂಜೆ ಕರೆತರುವಾಗ ಗಾಂಧಿ ಬಜಾರಿನಿಂದ ತರಕಾರಿ, ದಿನಸಿಯನ್ನೂ ತರೋಣ ಅಂತ ಸೈಕಲ್‌ಗೆ ಟ್ರೇಲರ್ ಹುಡುಕುತ್ತಿದ್ದೇನೆ. ಕೈಯಲ್ಲಿರುವುದು 15 ಸಾವಿರ ರೂಪಾಯಿ. ಏನು ನೋಡಿ ಕೊಳ್ಳಬೇಕು?
– ಬನಶಂಕರಿ 2ನೇ ಹಂತ

ಉತ್ತರ: ಮೊದಲು ತೂಕದ ಲೆಕ್ಕ. ಎರಡು ಸೀಟಿನ ಟ್ರೇಲರ್ ಹೊರುವ ಭಾರ ಸಾಮಾನ್ಯವಾಗಿ 40ರಿಂದ 45 ಕಿಲೋ. ನಿಮ್ಮ ಮಕ್ಕಳದೇ 29. ಹೆಲ್ಮೆಟ್, ಸ್ಕೂಲ್ ಬ್ಯಾಗ್, ನೀರಿನ ಬಾಟಲಿ ಸೇರಿದರೆ 32 ದಾಟಿತು. ಇನ್ನೂ ಹತ್ತು ಕಿಲೋ ಜಾಗವಿದೆ ಅನ್ನಿಸಬಹುದು, ಆದರೆ ಸಾಮಾನಿನ ಚೀಲ ಇರುವುದು ಸೀಟಿನ ಬೆನ್ನಿಗೆ, ಅಂದರೆ ಚಕ್ರಕ್ಕಿಂತ ಹಿಂದೆ. ಅಲ್ಲಿ ಭಾರ ಹೆಚ್ಚಾದರೆ ಬಂಡಿಯ ಮೂತಿ ಮೇಲೇಳುತ್ತದೆ, ಸೈಕಲ್‌ನ ಹಿಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಮಕ್ಕಳಿದ್ದಾಗ ಹಿಂದಿನ ಚೀಲಕ್ಕೆ ಐದು ಕಿಲೋ ಸಾಕು: ಸೊಪ್ಪು, ಟೊಮೆಟೊ, ಹಾಲು, ಬ್ರೆಡ್ಡು. ಅಕ್ಕಿ ಮೂಟೆಗೆ ಬೇರೆ ಟ್ರಿಪ್ಪು.

ದುಡ್ಡಿನ ವಿಷಯ. ಬರ್ಲಿ, ಥೂಲೆಯಂಥ ಹೆಸರಾಂತ ವಿದೇಶಿ ಕಂಪನಿಗಳ ಹೊಸ ಟ್ರೇಲರ್ ಈ ಮೊತ್ತಕ್ಕೆ ಸಿಗುವುದಿಲ್ಲ. ಉಳಿದದ್ದು ಎರಡು ದಾರಿ: ಉಕ್ಕಿನ ಫ್ರೇಮಿನ ಅಗ್ಗದ ಹೊಸದು, ಇಲ್ಲವೇ ಒಳ್ಳೆಯ ಕಂಪನಿಯ ಸೆಕೆಂಡ್ ಹ್ಯಾಂಡ್. ನಮ್ಮ ಓಟು ಎರಡನೆಯದಕ್ಕೆ. ಮಕ್ಕಳು ಬೆಳೆದ ಮೇಲೆ ಟ್ರೇಲರ್ ಮೂಲೆಗೆ ಬೀಳುತ್ತದೆ, ಓಡಿ ಸವೆದದ್ದು ಕಡಿಮೆ. ಹರಿದ ಬಟ್ಟೆಯನ್ನು ಬ್ಯಾಗ್ ರಿಪೇರಿಯವರು ಹೊಲಿದು ಕೊಡುತ್ತಾರೆ, ಕೆಟ್ಟ ಜಿಪ್ ಬದಲಾಯಿಸುತ್ತಾರೆ. ಆದ್ದರಿಂದ ಬಣ್ಣ ಮಾಸಿದ್ದನ್ನು ನೋಡಿ ಬೇಡ ಅನ್ನಬೇಡಿ, ಚೌಕಾಸಿಗೆ ಇಟ್ಟುಕೊಳ್ಳಿ.

ಕಣ್ಣಿಟ್ಟು ನೋಡಬೇಕಾದ್ದು ಕೊಂಡಿ, ಅಂದರೆ ಬಂಡಿಯನ್ನು ಸೈಕಲ್‌ಗೆ ಜೋಡಿಸುವ ಭಾಗ. ಇದರಲ್ಲಿ ರಬ್ಬರಿನಂಥ ಮೆತ್ತನೆಯ ತುಂಡೋ ಸ್ಪ್ರಿಂಗೋ ಇರುತ್ತದೆ. ರಬ್ಬರಿನದಾದರೆ ಕೈಯಲ್ಲಿ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಬದಲಾಯಿಸಲೇಬೇಕು. ಬಿಡಿಭಾಗ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಕೊಂಡಿಯ ಜೊತೆಗೆ ಸೈಕಲ್ ಫ್ರೇಮನ್ನು ಸುತ್ತಿ ಬರುವ ನೈಲಾನ್ ಪಟ್ಟಿ ಇರಬೇಕು. ಪಿನ್ನು ಕಳಚಿದರೂ ಬಂಡಿ ಬೇರೆಯಾಗದಂತೆ ಹಿಡಿಯುವುದು ಅದೊಂದೇ. ಹಳೆಯದರಲ್ಲಿ ಎಷ್ಟೋ ಸಲ ಅದೇ ನಾಪತ್ತೆ.

ಚಕ್ರ 20 ಇಂಚಿನದಾಗಿರಲಿ. ನಮ್ಮ ಗುಂಡಿಗಳಿಗೆ 16 ಇಂಚಿನದು ಪೂರ್ತಿ ಇಳಿದು ಕೂರುತ್ತದೆ, 20 ಇಂಚಿನದು ಹೇಗೋ ದಾಟುತ್ತದೆ. ಟಯರ್ ಮೇಲೆ 20×1.75 ಎಂದಿದ್ದರೆ ಮಕ್ಕಳ ಸೈಕಲ್‌ನ ಟ್ಯೂಬೇ ಸಾಕು, ಯಾವ ಬಡಾವಣೆಯ ಸೈಕಲ್ ಶಾಪಿನಲ್ಲೂ ಸಿಗುತ್ತದೆ. ಚಕ್ರವನ್ನು ಎತ್ತಿ ತಿರುಗಿಸಿ. ರಿಮ್ಮು ಅತ್ತಿತ್ತ ಓಲಾಡಿದರೆ ಕಡ್ಡಿ ಬಿಗಿ ಮಾಡಿಸಿದರೆ ಆಯಿತು. ಚಕ್ರವೇ ಆಕ್ಸಲ್ (ನಡುವಿನ ಅಚ್ಚು) ಮೇಲೆ ಅಲ್ಲಾಡಿದರೆ ಬೇರಿಂಗ್ ಸಡಿಲವಾಗಿದೆ, ಇಲ್ಲವೇ ಹೋಗಿದೆ.

ಒಳಗೆ ಪ್ರತಿ ಮಗುವಿಗೂ ಐದು ಕಡೆ ಬಿಗಿಯುವ ಬೆಲ್ಟು ಬೇಕು: ಎರಡು ಭುಜ, ಎರಡು ಸೊಂಟ, ಕಾಲ ನಡುವೆ ಒಂದು. ಸೊಂಟಕ್ಕೆ ಮಾತ್ರ ಇರುವುದನ್ನು ಕೊಳ್ಳಬೇಡಿ. ತಲೆಯ ಹಿಂದೆ ಹೆಲ್ಮೆಟ್ ಕೂರುವಷ್ಟು ತಗ್ಗು ಅಥವಾ ಸಡಿಲ ಜಾಲರಿ ಇರಲಿ. ಬೆನ್ನು ನೆಟ್ಟಗಿದ್ದರೆ ಹೆಲ್ಮೆಟ್ ತಲೆಯನ್ನು ಮುಂದಕ್ಕೆ ನೂಕುತ್ತದೆ, ನಿದ್ದೆ ಬಂದ ಮಗುವಿನ ಗಲ್ಲ ಎದೆಗೆ ಬೀಳುತ್ತದೆ. ಅಂಗಡಿಗೆ ಹೋಗುವಾಗ ಮಕ್ಕಳನ್ನೂ ಅವರ ಹೆಲ್ಮೆಟ್ಟನ್ನೂ ಕರೆದೊಯ್ದು ಕೂರಿಸಿಯೇ ನೋಡಿ. ಇಬ್ಬರ ಭುಜ ಉಜ್ಜಾಡುವಷ್ಟು ಇಕ್ಕಟ್ಟಾದರೆ ಮೂರನೇ ದಿನದಿಂದ ಜಗಳ, ಅದರ ರಿಪೇರಿ ಯಾವ ಮೆಕ್ಯಾನಿಕ್ಕಿಗೂ ಬಾರದು. ಹೊಸ ಟ್ರೇಲರ್ ಕೊಳ್ಳುವುದಾದರೆ ಲೇಬಲ್ ಮೇಲೆ ಇಎನ್ 15918 ಅಥವಾ ಎಎಸ್‌ಟಿಎಂ ಎಫ್1975 ಇದೆಯೇ ನೋಡಿ. ಮೊದಲನೆಯದು ಯುರೋಪಿನ, ಎರಡನೆಯದು ಅಮೆರಿಕದ ಸೈಕಲ್ ಟ್ರೇಲರ್ ಮಾನದಂಡ.

ಅಂದ ಹಾಗೆ, ವರ್ಷ ತುಂಬದ ಕೂಸನ್ನು ಯಾವ ಟ್ರೇಲರಿನಲ್ಲೂ ಕೂರಿಸಬೇಡಿ. ಹೆಲ್ಮೆಟ್ಟಿನ ಭಾರ ಹೊತ್ತು ಕುಲುಕಾಟ ತಡೆಯುವ ಶಕ್ತಿ ಅದರ ಕುತ್ತಿಗೆಗೆ ಇರುವುದಿಲ್ಲ.

ಪ್ರಶ್ನೆ: ನನ್ನದು ಹಳೇ ಕಾಲದ 22 ಇಂಚಿನ ಕಪ್ಪು ಸೈಕಲ್, ಡಬಲ್ ಸ್ಟ್ಯಾಂಡ್, ಕ್ಯಾರಿಯರ್ ಎಲ್ಲ ಇದೆ. ಟ್ರೇಲರ್‌ನ ಕೊಂಡಿ ಹಾಕಲು ಹೋದರೆ ನಟ್ ಪೂರ್ತಿ ಕೂರುತ್ತಿಲ್ಲ. ಗೇರ್ ಸೈಕಲ್ಲೇ ಬೇಕಾ?
– ವಿದ್ಯಾರಣ್ಯಪುರ

ಉತ್ತರ: ಬೇಡ, ಆಕ್ಸಲ್ ಬದಲಾಯಿಸಿದರೆ ಸಾಕು. ಹಿಂದಿನ ಆಕ್ಸಲ್ ಮೇಲೆ ಈಗಾಗಲೇ ಸ್ಟ್ಯಾಂಡ್, ಕ್ಯಾರಿಯರ್ ಕಡ್ಡಿ, ಮಡ್‌ಗಾರ್ಡ್ ಕಡ್ಡಿ ಮೂರೂ ಕೂತಿವೆ. ನಾಲ್ಕನೆಯದಾಗಿ ಕೊಂಡಿಯ ಪ್ಲೇಟು ಬಂದರೆ ನಟ್ಟಿಗೆ ಮರೆ (ಆಕ್ಸಲ್ ಮೇಲಿನ ತಿರುಪಿನ ಗೆರೆ) ಉಳಿಯುವುದಿಲ್ಲ. ಅರ್ಧ ಕೂತ ನಟ್ಟನ್ನು ಎಷ್ಟು ಬಿಗಿದರೂ ಭಾರ ಎಳೆಯುವಾಗ ಮರೆ ಸವೆದು ಕಳಚುತ್ತದೆ. ಅಷ್ಟೇ ದಪ್ಪದ, ಒಂದು ಸೆಂಟಿಮೀಟರ್ ಉದ್ದನೆಯ ಆಕ್ಸಲ್ ಹಾಕಿಸಿ, ಹಳೆಯದನ್ನು ಅಳತೆಗೆ ಕೊಂಡೊಯ್ಯಿರಿ. ಎಲ್ಲ ಬಿಗಿದ ಮೇಲೆ ನಟ್ಟಿನ ಆಚೆಗೆ ಒಂದೆರಡು ಸುತ್ತು ಮರೆ ಕಾಣಬೇಕು. ಅಷ್ಟು ಖರ್ಚೂ ಬೇಡವೆಂದರೆ ಕ್ಯಾರಿಯರ್ ತೆಗೆದಿಡಿ, ಬಂಡಿ ಇರುವಾಗ ಅದರ ಕೆಲಸವೇನು? ಡಬಲ್ ಸ್ಟ್ಯಾಂಡ್ ಮಾತ್ರ ಉಳಿಸಿಕೊಳ್ಳಿ. ಸೈಡ್ ಸ್ಟ್ಯಾಂಡಿನ ಸೈಕಲ್ ಬಂಡಿಯ ಭಾರಕ್ಕೆ ವಾಲಿ ಬೀಳುತ್ತದೆ. ಸಾಮಾನು ಇಳಿಸುವಾಗ ಇದು ದಿನವೂ ನಡೆಯುವ ಫಜೀತಿ.

ಕ್ವಿಕ್ ರಿಲೀಸ್ (ಸ್ಪ್ಯಾನರ್ ಇಲ್ಲದೆ ಸಣ್ಣ ಹಿಡಿಯಿಂದ ಚಕ್ರ ಕಳಚುವ ವ್ಯವಸ್ಥೆ) ಇರುವ ಸೈಕಲ್‌ನವರು ಪ್ಲೇಟ್ ಹಾಕಿದ ಮೇಲೆ ಅದರ ನಟ್ಟು ಕನಿಷ್ಠ ಐದು ಪೂರ್ತಿ ಸುತ್ತು ಒಳಹೋಗುವಂತೆ ನೋಡಿಕೊಳ್ಳಬೇಕು. ಥ್ರೂ ಆಕ್ಸಲ್ (ಚಕ್ರದ ನಡುವೆ ತೂರಿ ಫ್ರೇಮಿಗೇ ತಿರುಪುವ ದಪ್ಪ ಅಚ್ಚು) ಇದ್ದರೆ ಅದಕ್ಕೆಂದೇ ಬೇರೆ ಅಡಾಪ್ಟರ್ ಬೇಕು, ಇದ್ದದ್ದರಲ್ಲೇ ಹೊಂದಿಸುವ ಕೆಲಸ ನಡೆಯದು.

ನಿಮ್ಮ ಸೈಕಲ್‌ನಲ್ಲಿ ನನಗೆ ಚಿಂತೆ ಎರಡು. ಒಂದು ಬ್ರೇಕು. ಸರಳಿನ ಬ್ರೇಕು ಮಳೆಯಲ್ಲಿ ಒದ್ದೆ ರಿಮ್ಮನ್ನು ಹಿಡಿಯುವುದೇ ಇಲ್ಲ, ಹಿಂದಿನಿಂದ 40 ಕಿಲೋ ನೂಕುವಾಗಂತೂ ಕೇಳಲೇಬೇಡಿ. ಹಾಗಾಗಿ ಇದರ ಹಿಂದೆ ಮಕ್ಕಳ ಬಂಡಿ ಬೇಡ, ದಿನಸಿ ಮಾತ್ರ. ಎರಡನೆಯದು ಏರು. ಇಂಥ ಸೈಕಲ್‌ಗೆ ಸಾಮಾನ್ಯವಾಗಿ 18 ಹಲ್ಲಿನ ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲಿನ ಗಾಲಿ) ಇರುತ್ತದೆ. 22 ಹಲ್ಲಿನದು ಹಾಕಿಸಿದರೆ ಪೆಡಲ್ ತುಳಿಯುವ ಬಲ ಸುಮಾರು 18 ಶೇಕಡಾ ಕಡಿಮೆಯಾಗುತ್ತದೆ. ವೇಗವೂ ಅಷ್ಟೇ ಇಳಿಯುತ್ತದೆ, ಬಂಡಿ ಕಟ್ಟಿಕೊಂಡವರಿಗೆ ಅದೇನೂ ನಷ್ಟವಲ್ಲ. ಚೈನು ಒಂದೆರಡು ಕೊಂಡಿ ಉದ್ದ ಮಾಡಬೇಕಾದೀತು.

ಪ್ರಶ್ನೆ: ದಿನಸಿ ತರಲು ಮಾತ್ರ ಬಂಡಿ ಬೇಕು, ಮಕ್ಕಳಿಲ್ಲ. ನಮ್ಮ ರಸ್ತೆಯ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದೇ? ಅಳತೆ ಕೊಡಿ.
– ಪೀಣ್ಯ

ಉತ್ತರ: ಧಾರಾಳವಾಗಿ. ಮಕ್ಕಳ ಬಂಡಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಾರದು, ದಿನಸಿಯದನ್ನು ಮಾಡಿಸದೆ ಕೊಳ್ಳುವುದು ದಂಡ. ಮಾರುಕಟ್ಟೆಯ ಟೊಮೆಟೊ ಕ್ರೇಟನ್ನೇ ಅಳತೆಗೋಲು ಮಾಡಿಕೊಳ್ಳಿ. ಅದು ಸುಮಾರು 54×36 ಸೆಂಟಿಮೀಟರ್. ಎರಡು ಕ್ರೇಟನ್ನು ಒಂದರ ಹಿಂದೊಂದು ಉದ್ದಕ್ಕೆ ಇಟ್ಟರೆ ಒಳ ಅಳತೆ 112×38 ಸಾಕು. ಪಕ್ಕಪಕ್ಕ ಇಟ್ಟರೆ ಬಂಡಿ ಚಕ್ರ ಸೇರಿ ಒಂದು ಮೀಟರಿಗೂ ಹೆಚ್ಚು ಅಗಲವಾಗಿ ಆಟೋಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕಿಟ್ಟರೆ 70ರ ಆಸುಪಾಸು, ಅಂದರೆ ಹ್ಯಾಂಡಲ್ ತೂರಿದಲ್ಲಿ ಬಂಡಿಯೂ ಬಹುಮಟ್ಟಿಗೆ ತೂರುತ್ತದೆ.

25×25 ಮಿಲಿಮೀಟರಿನ, 1.6 ಮಿಲಿಮೀಟರ್ ದಪ್ಪದ ಚೌಕ ಪೈಪು ತನ್ನಿ. ಒಟ್ಟು ಆರೂವರೆ ಮೀಟರ್ ಬೇಕಾಗುತ್ತದೆ. ಮೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ, ಚಕ್ರ ಸೇರಿ ಬಂಡಿ 11-12 ಕಿಲೋ. ಇದಕ್ಕಿಂತ ದಪ್ಪದ್ದು ಹಾಕಲು ವೆಲ್ಡರ್ ಒತ್ತಾಯ ಮಾಡುತ್ತಾರೆ. ಅವರ ಕೈ ಗೇಟಿಗೆ, ಗ್ರಿಲ್ಲಿಗೆ ಪಳಗಿದ್ದು. ಒಪ್ಪಬೇಡಿ, ತುಳಿಯುವವರು ನೀವು.

ಚಕ್ರಕ್ಕೆ 20 ಇಂಚಿನ ಮಕ್ಕಳ ಸೈಕಲ್‌ನ ಮುಂದಿನ ಚಕ್ರ ಎರಡು. ಹೆಚ್ಚಿನವರು ಎಡವುವುದು ಇಲ್ಲೇ: ಚಕ್ರವನ್ನು ಬಂಡಿಯ ಬದಿಗೆ ಒಂದೇ ಕಡೆಯಿಂದ ಸಿಕ್ಕಿಸುತ್ತಾರೆ. ಸೈಕಲ್‌ನ ಆಕ್ಸಲ್ ಎರಡೂ ತುದಿಯಲ್ಲಿ ಆಧಾರವಿದ್ದರೆ ಮಾತ್ರ ಭಾರ ತಡೆಯುತ್ತದೆ. ಒಂದೇ ಕಡೆ ಹಿಡಿದರೆ ಮೊದಲ ಅಕ್ಕಿ ಮೂಟೆಗೇ ಬಗ್ಗಿ, ಚಕ್ರ ಒಳಕ್ಕೆ ವಾಲುತ್ತದೆ. ಹಾಗಾಗಿ ಚಕ್ರದ ಹೊರಬದಿಗೂ 60 ಸೆಂಟಿಮೀಟರ್ ಉದ್ದದ ಪೈಪನ್ನು ಚೌಕಟ್ಟಿನಂತೆ ತಿರುಗಿಸಿ, ಎರಡೂ ಕಡೆ ಆಕ್ಸಲ್ ಕೂರಲು ಕಚ್ಚು ಹಾಕಿದ ಪಟ್ಟಿಯನ್ನು ವೆಲ್ಡ್ ಮಾಡಿಸಿ.

ಆಕ್ಸಲ್ ತಳದ ನಟ್ಟನಡುವೆ ಬರಬಾರದು, ನಡುವಿನಿಂದ 12 ಸೆಂಟಿಮೀಟರ್ ಹಿಂದಕ್ಕಿರಲಿ. ಆಗ 40 ಕಿಲೋ ಸಮನಾಗಿ ತುಂಬಿದಾಗ ಮೂತಿಯ ಮೇಲೆ ನಾಲ್ಕೈದು ಕಿಲೋ ಒತ್ತಡ ಬೀಳುತ್ತದೆ, ಅಷ್ಟೇ ಬೇಕಾದದ್ದು. ಲಗೇಜ್ ತೂಗುವ ಕೊಕ್ಕೆಯ ತಕ್ಕಡಿಯಿಂದ ಮೂತಿಯನ್ನು ಎತ್ತಿ ನೋಡಿ. ಎರಡಕ್ಕಿಂತ ಕಡಿಮೆ ತೋರಿಸಿದರೆ ಭಾರದ ಚೀಲವನ್ನು ಮುಂದಿನ ಕ್ರೇಟಿಗೆ ಸರಿಸಿ.

ಎಳೆಯುವ ಪೈಪು ಸೈಕಲ್‌ನ ಎಡಬದಿಗೆ ಬರುತ್ತದೆ, ಬಲಗಡೆ ಚೈನು ಇದೆಯಲ್ಲ. ಇದರಲ್ಲೊಂದು ತೊಡಕಿದೆ. ನಾವು ಯು ಟರ್ನ್ ತೆಗೆದುಕೊಳ್ಳುವುದು ಬಲಕ್ಕೆ. ಬಲಕ್ಕೆ ತಿರುಗಿದಾಗ ಬಂಡಿಯೂ ಬಲಗಡೆಗೆ ಬರುವುದರಿಂದ ನೇರ ಪೈಪು ಹಿಂದಿನ ಟಯರಿಗೆ ಬಡಿದು ಉಜ್ಜುತ್ತದೆ. ಪೈಪು ಮೊದಲು ಎಡಕ್ಕೆ ಬಾಗಿ ಹೊರಹೋಗಿ, ಚಕ್ರ ದಾಟಿದ ಮೇಲೆ ಬಂಡಿಯ ನಡುವಿಗೆ ಬರಲಿ. ಕೊಂಡಿಯಿಂದ ಬಂಡಿಯ ಮುಂಭಾಗಕ್ಕೆ 60 ಸೆಂಟಿಮೀಟರ್ ಬಿಡಿ. ಸೈಕಲ್ ಚಕ್ರ ಆಕ್ಸಲ್‌ನಿಂದ ಹಿಂದಕ್ಕೇ 35 ಸೆಂಟಿಮೀಟರ್ ಚಾಚಿರುತ್ತದೆ.

ಕೊಂಡಿಯನ್ನು ಮಾತ್ರ ರೆಡಿಮೇಡ್ ಕೊಳ್ಳಿ. ಅದು ಮೇಲೆ-ಕೆಳಗೆ, ಅತ್ತ-ಇತ್ತ ತಿರುಗಿದರೆ ಸಾಲದು, ತಿರುಚಲೂಬೇಕು. ಆಗಲೇ ಸೈಕಲ್ ವಾಲಿ ಬಿದ್ದರೂ ಬಂಡಿ ನಿಂತಿರುತ್ತದೆ. ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಒಳಗೆ ನೂಲು ಅಥವಾ ತಂತಿ ಹೆಣೆದ ದಪ್ಪ ರಬ್ಬರ್ ಹೋಸ್ ಒಂದು ಗೇಣು ತಂದು, ಎರಡೂ ತುದಿಗೆ ಅಡ್ಡ ಬೋಲ್ಟ್ ತೂರಿಸಿ, ಲಾಕ್ ನಟ್ ಹಾಕಿ. ದಿನಸಿಗೆ ಇಷ್ಟು ಸಾಕು. ಜೊತೆಗೆ ಒಂದು ನೈಲಾನ್ ಪಟ್ಟಿ ಸುತ್ತುವುದನ್ನು ಬಿಡಬೇಡಿ.

ಪ್ರಶ್ನೆ: ಬಂಡಿ ಖಾಲಿ ಇದ್ದಾಗಲೇ ಮಗುಚುತ್ತದೆ, ತುಂಬಿದಾಗ ಇಲ್ಲ. ಯಾಕೆ?
– ಆರ್.ಟಿ. ನಗರ

ಉತ್ತರ: ಖಾಲಿ ಬಂಡಿಯನ್ನು ನೆಲಕ್ಕೆ ಅದುಮುವ ಭಾರವಿಲ್ಲ. ಒಂದು ಚಕ್ರ ಪುಟಿದರೆ ಸಾಕು, ಪಲ್ಟಿ. ಟಯರಿನ ಗಾಳಿ ಇಳಿಸಿ. ಬದಿಯಲ್ಲಿ ಬರೆದ ಮಿತಿ 35 ಪಿಎಸ್‌ಐ ಇದ್ದರೆ ಖಾಲಿ ಓಡಿಸುವಾಗ 20 ಸಾಕು, ತುಂಬಿದಾಗ 30. ಹಂಪನ್ನು ಓರೆಯಾಗಿ ಹತ್ತಬೇಡಿ, ಎರಡೂ ಚಕ್ರ ಒಟ್ಟಿಗೆ ಏರುವಂತೆ ನೇರ ಹೋಗಿ. ಬಂಡಿ ಯಾವಾಗಲೂ ತಿರುವಿನ ಒಳಬದಿ ಹಿಡಿಯುತ್ತದೆ. ಎಡಕ್ಕೆ ತಿರುಗುವಾಗ ಸೈಕಲ್ ಪಾರಾಗಿರುತ್ತದೆ, ಬಂಡಿಯ ಎಡಚಕ್ರ ಫುಟ್‌ಪಾತ್ ಹತ್ತುತ್ತದೆ. ಅರ್ಧ ಮೀಟರ್ ಹೊರಗಿನಿಂದ ತಿರುಗಿ. ಗುಂಡಿಯ ವಿಷಯದಲ್ಲೂ ಸೈಕಲ್ ಒಂದು ಜಾಡು, ಬಂಡಿಯ ಚಕ್ರ ಎರಡು ಜಾಡು. ಗುಂಡಿಯ ಅಂಚಿನಲ್ಲಿ ನಾಜೂಕಾಗಿ ತಪ್ಪಿಸಿಕೊಂಡೆ ಎಂದುಕೊಂಡಾಗಲೇ ಹಿಂದೆ ಧಡ್ ಎನ್ನುವುದು.

ಪ್ರಶ್ನೆ: ಗ್ಯಾಸ್ ಸಿಲಿಂಡರ್, 20 ಲೀಟರ್ ನೀರಿನ ಕ್ಯಾನ್ ತರಬಹುದಾ?
– ಕೆಂಗೇರಿ

ಉತ್ತರ: ನೀರಿನ ಕ್ಯಾನ್ ತರಬಹುದು, ಆದರೆ ಮಲಗಿಸಿ ಕಟ್ಟಿ. ನಿಲ್ಲಿಸಿದರೆ ಭಾರ ಎತ್ತರಕ್ಕೆ ಹೋಗಿ ತಿರುವಿನಲ್ಲಿ ವಾಲುತ್ತದೆ. ಮುಚ್ಚಳ ಸೋರುವ ಕ್ಯಾನಾದರೆ ನಿಲ್ಲಿಸಿಯೇ ಇಟ್ಟು, ಕ್ರೇಟಿನ ನಾಲ್ಕೂ ಬದಿಗೆ ಗೋಣಿಚೀಲ ತುರುಕಿ, ತಿರುವಿನಲ್ಲಿ ನಡಿಗೆಯ ವೇಗಕ್ಕೆ ಇಳಿಯಿರಿ. ಸಿಲಿಂಡರ್ ಬೇಡ. ಅದನ್ನು ಮಲಗಿಸುವಂತಿಲ್ಲ, ನಿಲ್ಲಿಸಿದರೆ 30 ಕಿಲೋದಷ್ಟು ಭಾರ ಒಂದೇ ಕಡೆ ಎತ್ತರದಲ್ಲಿ. ಮನೆಗೆ ತಂದುಕೊಡುವವರಿದ್ದಾರಲ್ಲ.

ಪ್ರಶ್ನೆ: ಮಗುವನ್ನು ಕೂರಿಸಿಕೊಂಡು ಔಟರ್ ರಿಂಗ್ ರೋಡಿನಲ್ಲಿ ಹೋಗಬಹುದೇ? ಬಾವುಟ ಕಟ್ಟಿದ್ದೇನೆ.
– ಮಾರತ್ತಹಳ್ಳಿ

ಉತ್ತರ: ಹೋಗಬೇಡಿ. ಬಾವುಟ ಬೇಕೇ ಬೇಕು, ಒಂದೂವರೆ ಮೀಟರ್ ಎತ್ತರದ್ದು, ಹಿಂದೆ ಕೆಂಪು ದೀಪವೂ ಇರಲಿ. ಆದರೆ ಬಸ್ ಚಾಲಕರ ಸೀಟಿನಿಂದ ಪಕ್ಕದಲ್ಲಿರುವ ತಗ್ಗು ಬಂಡಿ ಕಾಣುವುದೇ ಇಲ್ಲ. ಮಗುವಿನ ಮೂಗು ಇರುವುದೂ ಸೈಲೆನ್ಸರ್ ಮಟ್ಟದಲ್ಲೇ. ಹೊಗೆ ತಡೆಯಲೆಂದು ಮುಂದಿನ ಪ್ಲಾಸ್ಟಿಕ್ ಪರದೆ ಮುಚ್ಚಿದರೆ ಏಪ್ರಿಲ್ ಬಿಸಿಲಲ್ಲಿ ಒಳಗೆ ಕುದಿಯುತ್ತದೆ. ಅದು ಮಳೆಗೆ ಮಾತ್ರ, ಉಳಿದಾಗ ಜಾಲರಿ ಸಾಕು. ಒಳರಸ್ತೆಗಳಲ್ಲೇ ಶಾಲೆ ತಲುಪುವ ದಾರಿ ಇದ್ದರೆ ಬಂಡಿ, ಇಲ್ಲದಿದ್ದರೆ ಸೈಕಲ್ ಹಿಂದೆ ಕೂರಿಸುವ ಮಕ್ಕಳ ಸೀಟು ವಾಸಿ. ಹೆಚ್ಚಿನ ಸೀಟುಗಳು 22 ಕಿಲೋವರೆಗೆ ಹೊರುತ್ತವೆ, ಅಗಲವೂ ಸೈಕಲ್‌ನಷ್ಟೇ. ಯಾವುದೇ ಆದರೂ ಮೊದಲ ವಾರ ಮಗುವಿನ ಜಾಗದಲ್ಲಿ ಅಷ್ಟೇ ತೂಕದ ಅಕ್ಕಿ ಚೀಲ ಕಟ್ಟಿ, ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಓಡಿಸಿ ನೋಡಿ.